ಕರಿ ಗಾಜಿನ ಕಣ್ಣು

"ಕಣ್ಣು ಮಾತ್ರ ನೀವೇ ಕೂಡಸ್ರಿ, ಉಸ್ತಾನಿಬಾಯಿ. ಆ ಗುರುಲಿಂಗಮ್ಮನ ಕೈಗೆ ಕೊಡಬ್ಯಾಡ್ರಿ."

ಶಾಲೆಯ ಕಸ ಗುಡಿಸುವ ಸಾಯಮ್ಮ ಇದನ್ನು ಹೇಳುವಾಗ ಬಾಗಿಲ ಕಡೆಗೇ ನೋಡುತ್ತಿದ್ದಳು. ಬಾಲಮಣಿಗೆ ನಗು ಬಂತು. ಹೈದರಾಬಾದಿನಲ್ಲಿ ಓದಿದ್ದ ಅವಳು ನಾರಾಯಣಖೇಡದ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳುವ ಉಸ್ತಾನಿಯಾಗಿ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ.

"ಕೊಟ್ರ ಏನಾಗ್ತದ?"

"ನಿಮಗಿಂತ ಮುಂಚೆ ಇದ್ದ ಉಸ್ತಾನಿ ಇನ್ನೊಬ್ಬರ ಕೈ ಹಿಡ್ಕೊಂಡು ಬಂಡಿ ಹತ್ತಿದಳ್ರಿ. ಕಣ್ಣ ಕಾಣ್ತಿದ್ದಿಲ್ಲ."

"ಚಲೋ ಆತಲ್ಲ. ನಿಮ್ಮ ಹುಡಿಗ್ಯಾರ ಅಕ್ಷರ ನೋಡೋ ತ್ರಾಸ ತಪ್ಪಿತು."

ಸಾಯಮ್ಮ ನಗಲಿಲ್ಲ.

ಗುರುಲಿಂಗಮ್ಮನ ಪಡಸಾಲೆಯಲ್ಲಿ ಮಧ್ಯಾಹ್ನ ಬಾಲಮಣಿಯೂ ಸೇರಿ ಐದಾರು ಹೆಂಗಸರು ಅವಳಿಂದ ಗಾಜಿನ ಕೆಲಸ ಕಲಿಯುತ್ತಿದ್ದರು. ತಾಂಡೂರಿನ ಕಲ್ಲುಚಪ್ಪಡಿಗೆ ಸುಣ್ಣ ಬೆಲ್ಲದ ಗಾರೆ ಬಳಿದು, ಒಡೆದ ಬಳೆಯ ಚೂರುಗಳನ್ನು ಒಂದೊಂದಾಗಿ ಒತ್ತಿ, ಪ್ರತಿಯೊಬ್ಬಳೂ ತನ್ನದೇ ಮುಖ ಮಾಡಬೇಕು. ಕೆಳಗೆ ತನ್ನದೇ ಹೆಸರು. ಕಣ್ಣು ಕೊನೆಗೆ. ಹಸಿ ಸುಣ್ಣದ ಘಾಟು, ಹುಳಿತ ಬೆಲ್ಲದ ವಾಸನೆ, ಗಾಜು ಉಜ್ಜುವ ಕಿರ್ರೆನ್ನುವ ಸದ್ದು ಅಲ್ಲಿ ಸದಾ ಇದ್ದವು. ಗುರುಲಿಂಗಮ್ಮನ ಎರಡೂ ಕಣ್ಣಿಗೆ ಬಿಳಿ ಪೊರೆ ಬಂದಿತ್ತು. ಬೆರಳಿನಿಂದ ತಡವಿಯೇ ಎಲ್ಲರ ತಪ್ಪು ತಿದ್ದುತ್ತಿದ್ದಳು.

ಒಂಟಿಯಾಗಿದ್ದ ಬಾಲಮಣಿಗೆ ಆ ಊರಿನಲ್ಲಿ ಮನೆಯೆಂದರೆ ಅದೊಂದೇ. ದಿನಾ ಅಲ್ಲಿಂದ ಬಿಸಿ ರೊಟ್ಟಿ, ಪುಂಡಿಪಲ್ಯ ಬರುತ್ತಿತ್ತು. ಶಾಲೆಗೆ ರಜೆಯಿರುವ ಶುಕ್ರವಾರ ಗುರುಲಿಂಗಮ್ಮ ಅವಳ ತಲೆಗೆ ಎಣ್ಣೆ ತಿಕ್ಕಿ, ಕಣ್ಣಿಗೂ ಎರಡೆರಡು ಹನಿ ಔಡಲೆಣ್ಣೆ ಬಿಡುತ್ತಿದ್ದಳು. ಹೆತ್ತ ತಾಯಿಯೂ ಇಷ್ಟು ಮಾಡಿರಲಿಲ್ಲ.

ಚಪ್ಪಡಿಯ ಮೇಲೆ ಬಾಲಮಣಿಯ ಗಾಜಿನ ಮುಖ ಮುಗಿಯಿತು. ಕಣ್ಣಿನ ಜಾಗದಲ್ಲಿ ಎರಡು ಗುಳಿ ಉಳಿದವು.

ಗುರುಲಿಂಗಮ್ಮ ಗುಳಿಗಳನ್ನು ತಡವಿದಳು. "ಕಣ್ಣು ಕೂಡಸೋದು ನಾಜೂಕು ಕೆಲಸ, ತಂಗಿ. ನಾ ಕೂಡಸ್ಲೇನು? ನೀ ಹೂಂ ಅಂದ್ರ ಮಾತ್ರ."

ಶಾಲೆಯ ಬೀಗದಕೈ ಕೊಡಲು ಬಂದಿದ್ದ ಸಾಯಮ್ಮ ಬಾಗಿಲಲ್ಲೇ ಬೇಡವೆಂದು ತಲೆಯಾಡಿಸಿದಳು. ಬಾಲಮಣಿ ಅವಳಿಗೆ ಕೇಳಲೆಂದೇ ಜೋರಾಗಿ ಹೇಳಿದಳು: "ಹೂಂ ಅಕ್ಕಾ. ಗಟ್ಟಿ ಕೂಡಸು. ಸಾಯಮ್ಮನೂ ನೋಡ್ಲಿ."

ಉಳಿದ ಹೆಂಗಸರ ಕೈಗಳು ನಿಂತವು. ಯಾರೂ ತಲೆ ಎತ್ತಲಿಲ್ಲ.

ಗುರುಲಿಂಗಮ್ಮ ಎರಡು ಕರಿ ಗಾಜಿನ ಚೂರುಗಳನ್ನು ಬಾಲಮಣಿಯ ರೆಪ್ಪೆಗಳಿಗೆ ತಾಗಿಸಿ, ತುಟಿಯೊಳಗೇ ಏನೋ ಮಣಮಣಿಸಿ, ಗುಳಿಗೆ ಒತ್ತಿದಳು. ಚೂರುಗಳು ಬೆಚ್ಚಗಿದ್ದವು.

ಮರುದಿನ ಕರಿಹಲಗೆಯ ಅಂಚು ಮಸುಕಾಯಿತು. ಮೂರನೆಯ ದಿನ ಅಕ್ಷರಗಳೇ ಹೋದವು. ಐದನೆಯ ದಿನ ಸುಡು ಬಿಸಿಲಿನಲ್ಲೂ ಮೂಗಿಗೆ ತಾಗುವಷ್ಟು ಹತ್ತಿರದ್ದು ಬಿಟ್ಟು ಉಳಿದದ್ದೆಲ್ಲ ಅವಳಿಗೆ ಬರೀ ಹೊಗೆ. ಅಳುತ್ತ, ಗೋಡೆ ಹಿಡಿದುಕೊಂಡು ಗುರುಲಿಂಗಮ್ಮನ ಮನೆಗೇ ಹೋದಳು. ಬೇರೆ ಯಾರಿದ್ದರು?

ಗುರುಲಿಂಗಮ್ಮ ಪಡಸಾಲೆಯಲ್ಲಿ ಒಬ್ಬಳೇ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಬಾಲಮಣಿ ಅವಳ ಮುಖದ ಹತ್ತಿರಕ್ಕೆ ಮುಖ ತಂದಳು. ಪೊರೆ ಇರಲಿಲ್ಲ. ಹುಟ್ಟಿನಿಂದ ತನ್ನ ಎಡಗಣ್ಣಿನ ಬಿಳಿಯಲ್ಲಿದ್ದ ಎಳ್ಳಿನಷ್ಟು ಕಂದು ಚುಕ್ಕೆ ಈಗ ಗುರುಲಿಂಗಮ್ಮನ ಎಡಗಣ್ಣಿನಲ್ಲಿತ್ತು.

"ಅಕ್ಕಾ, ಇವು ನನ್ನವು."

"ನಾ ಕದ್ದಿಲ್ಲ. ಹೂಂ ಅಂದಾಕಿ ನೀನೇ."

"ದಿನಾ ರೊಟ್ಟಿ ಕಳಸ್ತಿದ್ದಿ..."

"ಹೊಟ್ಟಿ ತುಂಬಿದ್ರ ಕಣ್ಣು ಚಲೋ ಇರ್ತಾವ. ಹಿಂದಿನ ಉಸ್ತಾನಿ ಅರೆಹೊಟ್ಟಿ ಇದ್ದಳು. ಆಕಿ ಕಣ್ಣು ಎರಡು ವರ್ಷ ಸುದ್ದಾ ಬಾಳಿಕಿ ಬರಲಿಲ್ಲ ನೋಡು."

ಎತ್ತು ಕೊಳ್ಳುವವರು ಹಲ್ಲು ನೋಡುವಂತೆ ಈಕೆ ಎಣ್ಣೆ ಬಿಡುವಾಗ ತನ್ನ ರೆಪ್ಪೆ ಎತ್ತಿ ತಡವುತ್ತಿದ್ದಳು. ತಾನು ಅದನ್ನು ಮಮತೆ ಎಂದುಕೊಂಡಿದ್ದಳು.

ಬಾಲಮಣಿ ಗೋಡೆಗೆ ಒರಗಿಸಿದ್ದ ಕಲ್ಲುಗಳ ಕಡೆ ತೆವಳಿದಳು. ಬೆರಳಿಗೆ ಗಾಜು ಕೊಯ್ದಿತು. ಒಂದು ಹೆಸರು ತಡವಿದಳು. ತನ್ನದಲ್ಲ. ಇನ್ನೊಂದು. ಅದೂ ಅಲ್ಲ. ಮೂರನೆಯದು. ಬಾ. ಲ. ಮ. ಪಕ್ಕದಲ್ಲೇ ಗಾಜು ಒಡೆಯುವ ಉಳಿ ಕೈಗೆ ಸಿಕ್ಕಿತು. ಹಿಂದಿನಿಂದ ಜುಟ್ಟು ಹಿಡಿದೆಳೆದ ಕೈ. ಎಣ್ಣೆ ತಿಕ್ಕಿದ ಅದೇ ಕೈ. ಅವಳು ಬಿಡಲಿಲ್ಲ. ಮೀಟಿದಳು. ಒಂದು ಚೂರು ಕಿತ್ತು ಬಂತು.

ಬಲಗಣ್ಣಿಗೆ ಬೆಳಕು ನುಗ್ಗಿತು. ಗುರುಲಿಂಗಮ್ಮನ ಬಲಗಣ್ಣು ಬೆಳ್ಳಗಾಯಿತು.

ಮತ್ತೆ ಮೀಟಿದಳು. ಎರಡನೆಯ ಚೂರು ಸಿಡಿದು ನೆಲಕ್ಕೆ ಬಿತ್ತು. ಇಬ್ಬರೂ ಬಗ್ಗಿದರು. ಗುರುಲಿಂಗಮ್ಮನ ಕೈ ಮುಂದಿತ್ತು. ಬಾಯಿಗೆ ಹಾಕಿಕೊಂಡಳು. ನುಂಗಿದಳು.

ಆ ಕ್ಷಣವೇ ಬಾಲಮಣಿಯ ಎಡಗಣ್ಣಿಗೆ ಕಂಡದ್ದು ಪಡಸಾಲೆಯಲ್ಲ. ಕೆಂಪು ಕತ್ತಲೆ. ಒದ್ದೆ ಗೋಡೆ. ಗೋಡೆ ಮಿಡಿಯುತ್ತಿತ್ತು.

ಅವಳು ನೌಕರಿ ಬಿಟ್ಟು ತಾಂಡೂರಿಗೆ, ಅಣ್ಣನ ಮನೆಗೆ ಓಡಿಬಂದಳು. ಒಂಬತ್ತನೆಯ ದಿನ ಕೆಂಪು ಗೋಡೆಯ ಮಿಡಿತ ನಿಂತಿತು. ಗುರುಲಿಂಗಮ್ಮ ರಕ್ತ ಕಾರಿ ಸತ್ತಳೆಂದೂ, ಅವರ ಪದ್ಧತಿಯಂತೆ ಕೂರಿಸಿ, ವಿಭೂತಿ ತುಂಬಿ ಮಣ್ಣು ಮಾಡಿದರೆಂದೂ ಆಮೇಲೆ ಸುದ್ದಿ ಬಂತು.

ತಾಂಡೂರಿನ ಡಾಕ್ಟರು ಅವಳ ಎಡರೆಪ್ಪೆ ಎತ್ತಿ ದೀಪ ಹಿಡಿದರು. "ಇದರಾಗ ಏನೂ ಕಾಣಂಗಿಲ್ಲಲ್ಲ, ಬಾಯಿ?"

"ಕಾಣ್ತದ್ರಿ."

"ಏನು?"

ಅವಳು ಡಾಕ್ಟರ ಕೈ ಸರಿಸಿದಳು. ಈಗ ಕಪ್ಪಗಾಗಿದ್ದ ಆ ಹೊಟ್ಟೆಯ ಒಳಗೋಡೆ ಒಂದು ಕಡೆ ಹರಿದಿತ್ತು. ಅದರಾಚೆ ಸಮಾಧಿಯ ಮಣ್ಣು ಕಾಣುತ್ತಿತ್ತು. ಹರಿದ ಕಡೆಯಿಂದ ಬೆಳ್ಳಗಿನ ಹುಳವೊಂದು ನುಸುಳಿ ಬರುತ್ತಿತ್ತು, ನಿಧಾನವಾಗಿ, ನೇರ ಅವಳ ಕಡೆಗೇ. ಬಾಲಮಣಿ ರೆಪ್ಪೆಯನ್ನು ಬಿಗಿಯಾಗಿ ಮುಚ್ಚಿದಳು. ಅದು ಇನ್ನೂ ಕಾಣುತ್ತಿತ್ತು.