ಮುಚ್ಚಿದ ಕಿಟಕಿಯ ಕೆಳಗೊಂದು ಜಾರುಗಾಡಿ

"ಬಾಗಿಲು ತೆಗೀರಿ ದುಮೆಂಗ್ ಮಾವ! ನಾನು ಇಳಿದು ನಡ್ಕೊಂಡೇ ಹೋಗ್ತೀನಿ!"

"ಮುಂದೆ ಸುರಂಗ, ಪಕ್ಕದಲ್ಲಿ ಕಮರಿ, ಮೇಲಿಂದ ಹಿಮ. ಯಾವ ಕಡೆಗೆ ನಡೀತೀಯ ತಾಯಿ, ಸೀದಾ ಸ್ವರ್ಗಕ್ಕಾ?"

ಲದೀನಾ ಹಿಡಿದ ಹಿಡಿ ಬಿಡಲಿಲ್ಲ. ರೈಲಿನ ಕಂಡಕ್ಟರ್ ದುಮೆಂಗ್ ಮಾವ ಬಾಗಿಲಿಗೆ ಕೊಟ್ಟ ಬೆನ್ನು ತೆಗೆಯಲಿಲ್ಲ. ಇಬ್ಬರದೂ ಒಂದೇ ಊರು, ಸುರಾವ. ಸುರಾವದವರ ಹಟ ಹೇಗಿರುತ್ತದೆಂದು ಇಬ್ಬರಿಗೂ ಚೆನ್ನಾಗಿ ಗೊತ್ತು!

ಕೊನೆಗೆ ಅವಳೇ ಸೋತಳು. ಕಣ್ಣು ತುಂಬಿ ಬಂತು.

"ಹನ್ನೆರಡಕ್ಕೆ ನಾನು ಮನೇಲಿರಬೇಕು ಮಾವ... ಇರಲೇಬೇಕು..."

"ಗೊತ್ತಮ್ಮ," ಎಂದು ದುಮೆಂಗ್ ಮಾವ ಮೈಕು ಕೈಗೆತ್ತಿಕೊಂಡ. ಸುರಂಗದ ಬಾಯಲ್ಲಿ ಹಿಮ ಕುಸಿದಿದೆ, ಅದನ್ನು ತೆಗೆಯುವವರೆಗೆ ರೈಲು ಕದಲುವುದಿಲ್ಲ... ಇದನ್ನೇ ಜರ್ಮನ್ನಿನಲ್ಲಿ ಪೊಲೀಸಿನಂತೆ, ಸ್ವಿಸ್ ಬೆಟ್ಟದವರ ಭಾಷೆಯಾದ ರೊಮಾನ್ಶ್‌ನಲ್ಲಿ ಪಾದ್ರಿಯಂತೆ, ಇಂಗ್ಲಿಷಿನಲ್ಲಿ ನೆಗಡಿಯಾದವನಂತೆ ಹೇಳಿ ಮುಗಿಸಿದ. ಸ್ಕೀ ಆಡಲು ಹೊರಟಿದ್ದ ಪಟ್ಟಣದವರು ಒಟ್ಟಿಗೆ ನಿಟ್ಟುಸಿರು ಬಿಟ್ಟು ಚೀಸ್ ಬ್ರೆಡ್ಡಿನ ಪೊಟ್ಟಣ ಬಿಚ್ಚಿದರು.

ಲದೀನಾ ಮಾತ್ರ ಕೈಗಡಿಯಾರದ ಮೇಲಿಂದ ಕಣ್ಣು ತೆಗೆಯಲಿಲ್ಲ.

ಹಿಮ ಕುಸಿದದ್ದು ಹಳಿಯ ಮೇಲೆ. ಎದೆ ಕುಸಿದದ್ದು ಅವಳದು!

ಇವತ್ತು ಸುರಾವದಲ್ಲಿ, ಹಿಮದ ಮೇಲೆ ಕುದುರೆ ಎಳೆಯುವ ಜಾರುಗಾಡಿಗಳ ಮೆರವಣಿಗೆ. ಚಳಿಗಾಲಕ್ಕೊಂದೇ ದಿನ. ಮದುವೆಯಾಗದ ಹುಡುಗರು ಕುದುರೆಗೆ ಗೆಜ್ಜೆ ಕಟ್ಟಿ, ಮದುವೆಯಾಗದ ಹುಡುಗಿಯರ ಮನೆ ಮುಂದೆ ಹನ್ನೆರಡರ ಗಂಟೆಗೆ ಬಂದು ನಿಲ್ಲುತ್ತಾರೆ. ಬಾಯಿಬಿಟ್ಟು ಯಾರೂ ಏನೂ ಕೇಳುವಂತಿಲ್ಲ, ಹೇಳುವಂತಿಲ್ಲ. ಹುಡುಗಿಯ ಕೋಣೆಯ ಕಿಟಕಿ ಕದ ತೆರೆದಿದ್ದರೆ 'ಹೌದು'. ಮುಚ್ಚಿದ್ದರೆ 'ಒಲ್ಲೆ'. ಅಷ್ಟೇ. ಹುಡುಗ ಮುಂದೆ ಹೋಗಬೇಕು.

ಹೋದ ವರ್ಷ ಕುರ್ದಿನ್ ಬರುತ್ತಾನೆಂದು ಅವಳು ಕಾದಿದ್ದಳು. ಕೆಂಪು ಉಣ್ಣೆಯ ಲಂಗ ಉಟ್ಟು, ಜಡೆಗೆ ಪಿನ್ನು ಸಿಕ್ಕಿಸಿ, ಹನ್ನೆರಡರ ಗಂಟೆ ಹೊಡೆಯುತ್ತಲೇ ಕಿಟಕಿ ತೆರೆದು ಬಗ್ಗಿ ನೋಡಿದರೆ... ಬಂದು, ತಿರುಗಿ, ಹೋದ ಜಾರುಗಾಡಿಯ ಗೆರೆಗಳು ಮಾತ್ರ ಹಿಮದ ಮೇಲೆ!

ಮನೆ ಬಾಗಿಲವರೆಗೆ ಬಂದು ಬೇಡವೆನಿಸಿತೇ ಅವನಿಗೆ? ಅಷ್ಟು ಕೀಳಾದೆನೇ ನಾನು?

ಮರುದಿನವೇ ಅವಳು ಪೆಟ್ಟಿಗೆ ಕಟ್ಟಿ, ಕೂರ್ ಎಂಬ ಪಟ್ಟಣಕ್ಕೆ ಹೋಗಿ ಕೂತಳು. ಔಷಧಿ ಅಂಗಡಿಯಲ್ಲಿ ಕೆಲಸ ಹಿಡಿದಳು. ಕುರ್ದಿನ್ ಹೆಸರೆತ್ತಿದರೆ ಫೋನ್ ಇಡುತ್ತೇನೆಂದು ಅಜ್ಜಿಗೆ ತಾಕೀತು ಮಾಡಿದಳು. ಊರಿನಲ್ಲಿ ಹಿಮ, ಅವಳಲ್ಲಿ ಹಮ್ಮು. ಎರಡೂ ಕರಗಲಿಲ್ಲ.

ಈ ವಾರ ಅಜ್ಜಿ ತಾಕೀತು ಮುರಿದಿದ್ದಳು. "ಕುರ್ದಿನ್ ಬಂದಿದ್ದ ಕಣೇ. ಇನ್ನೊಂದೇ ಒಂದು ಸಲ ಬರ್ತೀನಿ, ಆಮೇಲೆ ಈ ಕಡೆ ತಲೆ ಹಾಕಲ್ಲ ಅಂದ. ನಾನೇನೂ ಹೇಳಲಿಲ್ಲಪ್ಪ. ನಿನ್ನ ಕಿಟಕಿ, ನಿನ್ನ ಮಾತು."

ಅವನ ಮುಖಕ್ಕೆ ಉಗಿಯಲು ಹೋಗುತ್ತಿದ್ದೇನೆ ಎಂದು ಲದೀನಾ ತನಗೆ ತಾನೇ ಹೇಳಿಕೊಂಡಿದ್ದಳು. ಉಗಿಯಲು ಹೊರಟವಳ ಚೀಲದಲ್ಲಿ ಇಸ್ತ್ರಿ ಮಾಡಿದ ಕೆಂಪು ಲಂಗ ಯಾಕಿತ್ತೋ!

ದುಮೆಂಗ್ ಮಾವ ಎದುರಿನ ಸೀಟಿನಲ್ಲಿ ಕೂತು ಟೊಪ್ಪಿ ತೆಗೆದ.

"ಒಂದು ಮಾತು ಕೇಳ್ಲಾ? ಬೈಬಾರದು."

"ಕೇಳಿ."

"ಆ ಹುಡುಗ ಏನು ತಪ್ಪು ಮಾಡಿದ್ದ ಅಂತ ಹೋದ ವರ್ಷ ಅವನ ಮೂತಿಗೆ ಕದ ಮುಚ್ಚಿದೆ? ಇಡೀ ಬೀದಿ ನೋಡ್ತು. ಪಾಪ, ಬಿಳಿಚಿಕೊಂಡು ಕುದುರೆ ತಿರುಗಿಸಿದ..."

ಲದೀನಾ ಬೆಚ್ಚಿಬಿದ್ದಳು.

"ನಾನು ಮುಚ್ಚಿದ್ನಾ? ಇಲ್ಲ! ಹನ್ನೆರಡಕ್ಕೆ ತೆಗೆದೆ!"

"ಅವನು ಹನ್ನೆರಡಕ್ಕೆ ಮೊದಲೇ ಬಂದಿದ್ದ ಕಣಮ್ಮ."

ಮೊದಲೇ...?

ಆ ಕೋಣೆಯ ಕಿಟಕಿ ಬೀದಿಗೇ ಮುಖ ಮಾಡಿದೆ. ಲಂಗ ಉಡುವಾಗ ಕದ ಮುಚ್ಚದೆ ಇರಲಾಗುತ್ತದೆಯೇ? ಗೆಜ್ಜೆಯ ಸದ್ದು ಕೇಳಿತ್ತು ನಿಜ. ಯಾರದೋ ಕುದುರೆ ಎಂದುಕೊಂಡಿದ್ದಳು. ಹನ್ನೆರಡಕ್ಕೆ ಇನ್ನೂ ಹೊತ್ತಿದೆಯಲ್ಲ!

"ಬಟ್ಟೆ... ಬಟ್ಟೆ ಬದಲಾಯಿಸ್ತಿದ್ದೆ ಮಾವ!"

ದುಮೆಂಗ್ ಮಾವ ಹಣೆ ಚಚ್ಚಿಕೊಂಡ. "ಅಯ್ಯೋ ಪೆದ್ದಿ! ಅಯ್ಯೋ, ಅವನೂ ಪೆದ್ದ! ಹೊತ್ತಿಗೆ ಮೊದಲು ಬಂದ ಅಂತ ಒಂದು ವರ್ಷ ಹಾಳಾಯ್ತಾ? ಈ ಸಲ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದಿನ ಗಾಡಿ ಬೇರೆ ಅವನದು..."

ಅವಳಿಗೆ ಮುಂದಿನದು ಕೇಳಿಸಲಿಲ್ಲ.

ತಾನಿಲ್ಲದ ಕೋಣೆ. ಚಳಿಗೆ ಅಜ್ಜಿ ಮುಚ್ಚಿಸಿಟ್ಟ ಕದ. ಇವತ್ತೂ ಅದು ಮುಚ್ಚಿಯೇ ಇದೆ... ಅವನು ಬರುತ್ತಾನೆ, ತಲೆಯೆತ್ತಿ ನೋಡುತ್ತಾನೆ, ಮತ್ತೆ ಎಂದೂ ಬರುವುದಿಲ್ಲ!

ಕುರ್ದಿನ್ ನಂಬರು ಒತ್ತಿದಳು. ರಿಂಗಾಯಿತು, ಆಗುತ್ತಲೇ ಇತ್ತು.

"ಎತ್ತಲ್ಲ," ಎಂದ ದುಮೆಂಗ್ ಮಾವ. "ಮೆರವಣಿಗೆಯವರು ಮೊಬೈಲ್ ಮನೇಲಿ ಬಿಡಬೇಕು. ಮರೆತೋಯ್ತಾ? ಒಂದ್ಸಲ ಯಾರದೋ ಜೇಬು ಕೂಗಿ ಕುದುರೆ ಹಳ್ಳಕ್ಕೆ ಹಾರಿತ್ತು."

ಅಜ್ಜಿಗೆ ಮಾಡಿದಳು.

"ಅಜ್ಜೀ! ರೈಲು ನಿಂತುಬಿಟ್ಟಿದೆ! ನನ್ನ ಕಿಟಕಿ ಕದ ತೆಗಿ! ಈಗಲೇ!"

"ಆ ಮೆಟ್ಟಿಲು ಹತ್ತಿದರೆ ನನ್ನ ಮಂಡಿ ಅಲ್ಲೇ ಉಳಿಯುತ್ತೆ, ನಾನು ಮಾತ್ರ ಕೆಳಗೆ ಬರ್ತೀನಿ."

"ಪಕ್ಕದ ಮನೆಯವರನ್ನ ಕರಿ!"

"ಎಲ್ಲಾ ಮೆರವಣಿಗೆಗೆ ಹೋಗಿದಾರೆ. ಮತ್ತೆ ಲದೀನಾ, ಬೇರೆಯವರು ತೆಗೆದ ಕದ ನಿನ್ನ ಮಾತಾಗುತ್ತಾ?"

"ಹಾಗಾದ್ರೆ ಅವನು ಬಂದಾಗ ನೀನೇ ಹೇಳು, ನಾನು..."

ಫೋನ್ ಕಡಿದುಹೋಯಿತು. ಕಮರಿಯಲ್ಲಿ ಸಿಗ್ನಲ್ ಬಂದದ್ದೇ ಹೆಚ್ಚು.

ಹೇಳ್ತಾಳಾ ಅಜ್ಜಿ? ಹುಡುಗಿಯ ಪರವಾಗಿ ಇನ್ನೊಬ್ಬರು ಬಾಯಿ ಹಾಕಬಾರದು ಅನ್ನೋದು ಅವಳ ಹಟ... ಹೇಳಲ್ಲ. ಖಂಡಿತ ಹೇಳಲ್ಲ!

ಹನ್ನೆರಡಾಯಿತು. ರೈಲಿನೊಳಗೆ ಯಾವ ಗಂಟೆಯೂ ಹೊಡೆಯಲಿಲ್ಲ. ಆದರೂ ಅವಳ ಕಿವಿಯಲ್ಲಿ ಇಡೀ ಚರ್ಚು ಮೊಳಗಿತು. ಈಗ ಬಂದಿರುತ್ತಾನೆ. ಈಗ ನೋಡಿರುತ್ತಾನೆ. ಈಗ...

ಅವಳು ತಟ್ಟನೆ ಎದ್ದು, ಚೀಲ ಎಳೆದುಕೊಂಡು ರೈಲಿನ ಶೌಚಾಲಯಕ್ಕೆ ನುಗ್ಗಿದಳು. ಕೆಂಪು ಲಂಗ ಉಟ್ಟು ಹೊರಬಂದಾಗ ಸ್ಕೀ ತಂಡದವರು ಬ್ರೆಡ್ಡು ಬಿಟ್ಟು ಚಪ್ಪಾಳೆ ಹೊಡೆದರು.

"ತಡವಾದ್ರೂ ಪರವಾಗಿಲ್ಲ," ಎಂದಳು. "ಅವನ ಮನೆ ಬಾಗಿಲಿಗೆ ಹೋಗಿಯಾದ್ರೂ ಹೇಳ್ತೀನಿ."

"ಹುಡುಗಿ ಹುಡುಗನ ಮನೆಗೆ? ಸುರಾವದಲ್ಲಿ?" ದುಮೆಂಗ್ ಮಾವ ಟೊಪ್ಪಿ ಹಾಕಿಕೊಂಡ. "ಹೋಗು ಮಗಳೇ. ಯಾರಾದ್ರೂ ನಕ್ಕರೆ ನನ್ನ ಹೆಸರು ಹೇಳು."

ಕೊನೆಗೂ ರೈಲು ಅಲುಗಿದಾಗ ಅವಳಿಗೆ ಖುಷಿಯಾಗಲಿಲ್ಲ, ಭಯ ಇಮ್ಮಡಿಯಾಯಿತು.

ಸುರಾವದ ಬೀದಿ ಖಾಲಿ. ಮೆರವಣಿಗೆ ಆಗಲೇ ಪಕ್ಕದ ಊರು ಸೇರಿರಬೇಕು. ಲಂಗ ಎತ್ತಿ ಹಿಡಿದು, ಜಾರುತ್ತ, ಏಳುತ್ತ ಓಡಿದಳು.

ಮನೆ ಕಂಡಿತು. ಕಿಟಕಿ ಕದ ಮುಚ್ಚಿತ್ತು.

ಬಾಗಿಲ ಮುಂದೆ, ಹಿಮದ ಮೇಲೆ... ಬಂದು ತಿರುಗಿದ ಜಾರುಗಾಡಿಯ ಗೆರೆಗಳು.

ಹೋದ ವರ್ಷದ್ದೇ ಗೆರೆಗಳು!

ಅವಳಿಗೆ ಅಳಲೂ ಆಗಲಿಲ್ಲ. ಒಳಗೆ ನುಗ್ಗಿ, ಮೆಟ್ಟಿಲು ಹತ್ತಿ, ಕೋಣೆಯ ಕದಗಳನ್ನು ಎರಡೂ ಕೈಯಿಂದ ಧಡಾರನೆ ತಳ್ಳಿದಳು. ಯಾರು ನೋಡಲಿ, ಬಿಡಲಿ. ನನ್ನ ಉತ್ತರ ಇದೇ!

ಕದದ ಮೇಲಿದ್ದ ಹಿಮವೆಲ್ಲ ದೊಪ್ಪನೆ ಕೆಳಗೆ ಬಿತ್ತು.

"ಅಯ್ಯಯ್ಯೋ!"

ಕೆಳಗೆ, ತಲೆ ಹೆಗಲೆಲ್ಲ ಬೆಳ್ಳಗಾಗಿ, ಗಾಡಿ ಕಟ್ಟಿದ ಕುದುರೆಯ ಲಗಾಮು ಹಿಡಿದು ಮನೆಯ ಮೂಲೆಯಿಂದ ಆಗಷ್ಟೇ ಬಂದು ನಿಂತವನು... ಕುರ್ದಿನ್!

"ಇದು 'ಹೌದು' ಅಂತಾನಾ?" ಎಂದ ಕಣ್ಣುಜ್ಜಿಕೊಳ್ಳುತ್ತ. "ಇಲ್ಲಾ, 'ಒಲ್ಲೆ'ಗೆ ಹೊಸ ಪದ್ಧತಿನಾ?"

ಅವಳು ಮೆಟ್ಟಿಲು ಇಳಿದಳೋ ಉರುಳಿದಳೋ. ಅವನೆದುರು ನಿಂತಾಗ ಉಸಿರೇ ಇರಲಿಲ್ಲ.

"ನೀನು... ಹೋಗಲಿಲ್ವಾ?"

"ಕದ ಮುಚ್ಚಿತ್ತು. ಗಾಡಿ ತಿರುಗಿಸಿದೆ." ಕುರ್ದಿನ್ ಕುದುರೆಯ ಕುತ್ತಿಗೆ ಸವರಿದ. "ಆಮೇಲೆ ಅನಿಸ್ತು, ಹೋದ ವರ್ಷ ಕೇಳದೇ ಹೋಗಿದ್ದಕ್ಕೆ ಒಂದು ವರ್ಷ ನಿದ್ದೆ ಬರಲಿಲ್ಲ. ಈ ಸಲ ಊರು ನಗಲಿ, ಕೇಳೇಬಿಡೋಣ ಅಂತ. ಇಳಿದು ಬಾಗಿಲು ತಟ್ಟಿದೆ."

"ನಾನಾಗಿ ಬಾಯಿ ಬಿಡಲಿಲ್ಲ!" ಅಡುಗೆಮನೆ ಕಿಟಕಿಯಿಂದ ಅಜ್ಜಿಯ ದನಿ. "ಅವನು ಕೇಳ್ದ, ರೈಲು ನಿಂತಿದೆ ಅಂದೆ. ಹಿತ್ತಲ ಕೊಟ್ಟಿಗೇಲಿ ಕುದುರೆ ಕಟ್ಟಿಸಿ ಸೂಪು ಕೊಟ್ಟೆ. ರೈಲು ಕೂಗಿದ್ದೇ ತಡ, ಸ್ಟೇಷನ್ನಿಗೆ ಅಂತ ಗಾಡಿ ಕಟ್ಟೋಕೆ ಓಡಿದ."

"ಮುಂದಿನ ಗಾಡಿ ನಿನ್ನದಲ್ವಾ ಕುರ್ದಿನ್? ಬಿಟ್ಟುಬಿಟ್ಯಾ?" ಎಂದಳು ಲದೀನಾ.

"ಪಕ್ಕದ ಸೀಟು ಖಾಲಿ ಇಟ್ಕೊಂಡು ಮುಂದೆ ಹೋಗಿ ಏನು ಮಾಡ್ಲಿ?"

ಅವಳ ಕೆನ್ನೆಯ ಮೇಲೆ ನೀರಿಳಿಯಿತು.

"ಆವತ್ತು ನಾನು ಬಟ್ಟೆ ಬದಲಾಯಿಸ್ತಿದ್ದೆ ಕಣೋ... ನಿನಗೋಸ್ಕರ! ಯಾಕೋ ಅಷ್ಟು ಬೇಗ ಬಂದೆ?"

ಅವನು ಹೆಗಲ ಮೇಲಿನ ಹಿಮ ಕೊಡವಿದ.

"ಕಾಯೋಕೆ ಆಗಲಿಲ್ಲ ಲದೀನಾ..."

"ಈ ಸಲ?"

"ಈ ಸಲ ಸರಿಯಾಗಿ ಹನ್ನೆರಡಕ್ಕೇ ಬಂದೆ!"

"ಸುಳ್ಳು ಬುರುಕ!" ಎಂದಳು ಅಜ್ಜಿ. "ಬೆಳಗ್ಗೆಯಿಂದ ಮೂಲೆಮನೆ ಹಿಂದೆ ಅಡಗಿ ನಿಂತಿದ್ದ. ಕುದುರೆ ಕೆಮ್ಮಿದ್ದು ನನಗೆ ಕೇಳಿಸ್ತು!"

ಲದೀನಾ ಅಳುತ್ತಲೇ ನಕ್ಕಳು. ಅವನು ಕೈ ಚಾಚಿದ. ಅವಳು ಗಾಡಿ ಹತ್ತಿ, ಕಂಬಳಿಯನ್ನು ಇಬ್ಬರ ಮೊಣಕಾಲಿನ ಮೇಲೂ ಹೊದಿಸಿದಳು.

"ಮುಂದಿನ ವರ್ಷವೂ ಹೀಗೇ ಕದ್ದು ನಿಲ್ತೀಯಾ?"

"ಮುಂದಿನ ವರ್ಷ ಬರೋದೇ ಇಲ್ಲ."

"ಏನಂದೆ?"

"ಮದುವೆಯಾದವರನ್ನ ಮೆರವಣಿಗೆಗೆ ಸೇರಿಸ್ತಾರಾ?" ಅವನು ಲಗಾಮನ್ನೇ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು. "ಅಂದ್ರೆ... ನೀನು ಒಪ್ಪಿದ್ರೆ."

ಅವಳು ಅವನ ಗಲ್ಲ ಹಿಡಿದು ಮುಖವನ್ನು ಮೆಲ್ಲಗೆ ಮೇಲಕ್ಕೆತ್ತಿದಳು. ಕಿಟಕಿಯ ಎರಡೂ ಕದಗಳು ಹಾರುಹೊಡೆದಿದ್ದವು.

"ಲೇ ಲದೀನಾ!" ಅಜ್ಜಿ ಕೂಗಿದಳು. "ಮನೆಯೆಲ್ಲಾ ಚಳಿ! ಆ ಕದ ಮುಚ್ಚಿ ಹೋಗೇ!"

"ಇಲ್ಲ ಅಜ್ಜಿ!" ಎಂದರು ಇಬ್ಬರೂ ಒಟ್ಟಿಗೆ. "ಇವತ್ತೊಂದಿನ ತೆಗೆದೇ ಇರಲಿ!"