ವಿಠಲಣ್ಣನ ಸ್ವರದಲ್ಲಿ ಬಂದ ಕರೆ

ಭಾನುವಾರ ಬೆಳಗಾಗುವಾಗಲೇ ಮೋಹಿನಿಯ ಕೈಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಂದು ಒಲೆಯಲ್ಲಿ ಕೇದಗೆ ಎಲೆ ಸುತ್ತಿದ ಮೂಡೆ ಇಡ್ಲಿ ಬೇಯುತ್ತಿತ್ತು, ಇನ್ನೊಂದರಲ್ಲಿ ಕೋಳಿ ಸಾರು ಕುದಿಯುತ್ತಿತ್ತು. ಒಳಕೋಣೆಯ ಕಪಾಟಿನಲ್ಲಿ ಹಸಿರು ಸೀರೆ, ಹಸಿರು ಬಳೆ, ಬಾಳೆ ಎಲೆಯಲ್ಲಿ ಸುತ್ತಿಟ್ಟ ಒಂದು ಚೆಂಡು ಮಲ್ಲಿಗೆ. ಏಳು ತಿಂಗಳ ಬಸುರಿ ಮಗಳು ದೀಕ್ಷಿತಾ ಕಾಪುವಿನಿಂದ ಬಯಕೆ ಊಟಕ್ಕೆ ಬರುವವಳಿದ್ದಳು. ಎರಡು ವರ್ಷಗಳ ಮೇಲೆ ಮೊದಲ ಸಲ! ಮನೆಯಲ್ಲಿ ಎಲ್ಲರಿಗೂ ಗೊತ್ತು... ಚಾವಡಿಯ ಕುರ್ಚಿಯಲ್ಲಿ ಕುಳಿತ ಮನೆಯ ಯಜಮಾನನೊಬ್ಬನನ್ನು ಬಿಟ್ಟು. ಅಪ್ಪನೇ ಕರೆದಿದ್ದಾರೆಂದು ಉಳಿದವರೆಲ್ಲ ನಂಬಿದ್ದರು, ಅವರೆದುರು ಮಾತ್ರ ಆ ಮಾತೆತ್ತಬೇಡಿ ಎಂದು ಮೋಹಿನಿ ಹೇಳಿಟ್ಟಿದ್ದಳು. ಕರೆದದ್ದು ಅವರ ಸ್ವರ ಹೌದು. ಅವರಲ್ಲ!

ಅಡುಗೆಮನೆಯ ಗಡಿಬಿಡಿ ನೋಡಿ ವಿಠಲಣ್ಣ ಕುರ್ಚಿಯಿಂದಲೇ ಕೈ ತಿರುಗಿಸಿ 'ಎಂತ ವಿಶೇಷ?' ಎಂದು ಕೇಳಿದರು.

"ಸುಕೇಶನಿಗೆ ರಜೆ ಅಲ್ವಾ, ಅದಕ್ಕೆ," ಎಂದು ಮಗನ ಹೆಸರು ಹೇಳಿ ಮೋಹಿನಿ ಮುಖ ತಿರುಗಿಸಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಕೈಯ ಸೌಟು ಕೆಳಗೆ ಬಿತ್ತು.

ಈ ವಿಠಲಣ್ಣನನ್ನು ಕಾರ್ಕಳದಲ್ಲಿ ನೋಡದವರಿರಬಹುದು, ಕೇಳದವರಿರಲಿಲ್ಲ. ಮೂವತ್ತು ವರ್ಷ ರಿಕ್ಷಾಕ್ಕೆ ಮೈಕ್ ಕಟ್ಟಿಕೊಂಡು ರಕ್ತದಾನ ಶಿಬಿರ, ವಾಲಿಬಾಲ್ ಪಂದ್ಯಾಟ, ಬಟ್ಟೆ ಅಂಗಡಿಯ ಆಷಾಢದ ಸೇಲ್ ಎಂದೆಲ್ಲ ಊರಿಗೆ ಸಾರಿದ ಸ್ವರ ಅದು. "ಆತ್ಮೀಯ ಬಂಧುಗಳೇ..." ಎಂದರೆ ಒಲೆಯ ಮುಂದೆ ಇದ್ದವರೂ ಕಿವಿ ನಿಮಿರಿಸುತ್ತಿದ್ದರು. ಮೈಕಿನಲ್ಲಿ ಅಷ್ಟು ಸಿಹಿ ಕನ್ನಡ, ಮನೆಗೆ ಬಂದರೆ ನಾಲ್ಕೇ ನಾಲ್ಕು ಮಾತು, ಅದೂ ಒರಟು ತುಳು. ಅವರು ಹೇಳಿದರೆ ಮುಗಿಯಿತು. ಮೋಹಿನಿ ಹೇಳಿದರೆ? ಫ್ಯಾನಿನ ಗಾಳಿಯ ಹಾಗೆ... ಇದ್ದರೂ ಯಾರಿಗೂ ಗೊತ್ತಾಗದು.

ಮಗಳು ಕಾಪುವಿನ ಡ್ಯಾರಿಲ್ ಎಂಬ ಕ್ರಿಶ್ಚಿಯನ್ ಹುಡುಗನನ್ನು ರಿಜಿಸ್ಟರ್ ಮದುವೆಯಾದ ದಿನ ವಿಠಲಣ್ಣ ಇದೇ ಮೆಟ್ಟಿಲ ಮೇಲೆ ನಿಂತು ಗುಡುಗಿದ್ದರು. "ನನ್ನ ಬಾಯಿಂದ 'ಬಾ' ಎಂದು ಬರುವವರೆಗೆ ಈ ಮೆಟ್ಟಿಲು ಹತ್ತಬೇಡ!" ಮಗಳೂ ಅವರದ್ದೇ ಹಟದವಳು. "ಆಯಿತಪ್ಪ, ನೀವು ಕರೆಯುವವರೆಗೆ ಹತ್ತುವುದಿಲ್ಲ," ಎಂದು ಹೋದವಳು ಹೋದಳು.

ಆರು ತಿಂಗಳಲ್ಲಿ ವಿಠಲಣ್ಣನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಹೊಗೆಸೊಪ್ಪಿನ ಎಲೆ ಅಡಿಕೆ ಮಾಡಿದ ಕೆಲಸ. ಮಣಿಪಾಲದಲ್ಲಿ ಆಪರೇಷನ್ ಆಗಿ ಜೀವ ಉಳಿಯಿತು, ಸ್ವರಪೆಟ್ಟಿಗೆ ಹೋಯಿತು. ಉಸಿರಾಡಲು ಕುತ್ತಿಗೆಯಲ್ಲೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ದೀಕ್ಷಿತಾ ವಾರ್ಡಿನ ಬಾಗಿಲವರೆಗೆ ಬಂದಿದ್ದಳು. ಅವರು ಗೋಡೆಯ ಕಡೆ ಹೊರಳಿ ಮಲಗಿದರು. ಅಂದು ಮೋಹಿನಿ ಆಸ್ಪತ್ರೆಯ ಮೆಟ್ಟಿಲಲ್ಲಿ ಕುಳಿತು ಅತ್ತದ್ದು ಗಂಡನ ಕಾಯಿಲೆಗಲ್ಲ... 'ಬಾ' ಎನ್ನಬೇಕಾದ ಬಾಯಿಗೇ ಇನ್ನು ಸ್ವರವಿಲ್ಲವಲ್ಲ, ಮಗಳನ್ನು ಕರೆಯುವವರು ಯಾರು ದೇವರೇ!

ವಿಠಲಣ್ಣ ಸ್ಲೇಟಿನಲ್ಲಿ ಬರೆಯತೊಡಗಿದರು. ಎರಡನೇ ಕ್ಲಾಸು ಬಿಟ್ಟು ಬೀಡಿ ಕಟ್ಟುವ ಮೊರದ ಮುಂದೆ ಕುಳಿತ ಮೋಹಿನಿಗೆ ಅಕ್ಷರ ಕೂಡಿಸಲು ಬಾರದು. ಗಂಜಿ ಬೇಕೋ ಬಿಸಿನೀರು ಬೇಕೋ ಎಂದು ತಿಳಿಯಲೂ ಪರ್ಕಳಕ್ಕೆ ಕೆಲಸಕ್ಕೆ ಹೋದ ಸೊಸೆ ಬರಬೇಕಿತ್ತು.

ಆ ಸೊಸೆ ಭವ್ಯಶ್ರೀಯೇ ಒಂದು ದಿನ ಮಾವನ ಹಳೆಯ ಪೆನ್ ಡ್ರೈವ್ ಹುಡುಕಿ ತೆಗೆದಳು. ಅದರ ತುಂಬ ಅವರ ಅನೌನ್ಸ್‌ಮೆಂಟು. ಎರಡು ದಿನ ಫೋನಿನಲ್ಲಿ ಏನೇನೋ ಮಾಡಿ ತಂದು ಮಾವನ ಕೈಗಿಟ್ಟಳು. "ಮಾವ, ಇದರಲ್ಲಿ ಬರೆಯಿರಿ, ಇದು ನಿಮ್ಮ ಸ್ವರದಲ್ಲಿ ಹೇಳುತ್ತದೆ. ಎಐ ಅಂತ. ನಿಮ್ಮ ಹಳೆಯ ಮಾತು ಕೇಳಿ ಕೇಳಿ ಕಲಿತುಕೊಂಡಿದೆ. ತುಳು ಮಾತ್ರ ಬರುವುದಿಲ್ಲ, ಕನ್ನಡ ಆಗಬೇಕು."

ವಿಠಲಣ್ಣ ಒಂದೊಂದೇ ಅಕ್ಷರ ಹುಡುಕಿ ಬರೆದು ಒತ್ತಿದರು. "ಮೋಹಿನೀ, ಒಂದು ಲೋಟ ಬಿಸಿನೀರು ಕೊಡು!" ಥೇಟ್ ಅದೇ ಕಂಠ, ಅದೇ ಏರು, ಅದೇ ಇಳಿ... ಮೋಹಿನಿ ಬಾಗಿಲಿಗೆ ಓಡಿ ಬಂದಳು. ಬಿಸಿನೀರು ಕೇಳಿದ್ದೂ ಮೈಕಿನಲ್ಲಿ ಸಾರಿದ ಹಾಗೆಯೇ! ಅಳುತ್ತಾ ನಕ್ಕಳು. ಅಂದಿನಿಂದ ಅವರು ಮತ್ತೆ ಅಂಗಡಿಗೆ ಹೋದರು, ಡಾಕ್ಟರ ಹತ್ತಿರ ತಾವೇ ಮಾತಾಡಿದರು, ಬಸ್ಸಿನ ಕಂಡಕ್ಟರನ ಹತ್ತಿರ ಜಗಳವನ್ನೂ ಮಾಡಿದರು. ಸತ್ತ ಮನೆ ಬದುಕಿತು ಎನ್ನಬೇಕು.

ಸುಕೇಶನಿಗೆ ಮಾತ್ರ ಒಳಗೊಳಗೇ ಹೆದರಿಕೆ. "ಒಳ್ಳೆಯದೇ ಮಾರಾಯ್ತಿ. ಆದರೆ ನಾಳೆ ಯಾರಾದರೂ ಆ ಫೋನು ಹಿಡಿದು ಅಪ್ಪನ ಹಾಗೆ ಮಾತಾಡಿದರೆ? ಸ್ವರಕ್ಕೆ ಬೀಗ ಉಂಟಾ?"

"ನಮ್ಮ ಮನೆಯಲ್ಲಿ ಕಳ್ಳರು ಯಾರು? ಅತ್ತೆಯಾ?" ಎಂದು ಭವ್ಯಶ್ರೀ ನಕ್ಕಳು.

ನಗೆಯ ಮಾತು ಹಾಗೆಯೇ ನಿಜವಾಗುವುದುಂಟು!

ಒಂದು ಮಧ್ಯಾಹ್ನ ಗಂಡ ಒಳಗೆ ಗಾಢ ನಿದ್ದೆಯಲ್ಲಿದ್ದಾಗ ಫೋನಿನ ಧೂಳು ಒರೆಸುತ್ತಿದ್ದ ಮೋಹಿನಿಯ ಬೆರಳು ಅದರಲ್ಲಿದ್ದ ಮೈಕಿನ ಚಿತ್ರಕ್ಕೆ ತಾಗಿತು. ಅದೇ ಹೊತ್ತಿಗೆ ನೆನಪಾಗಿ ಅವಳು, ಆ ಫೋನಿನಿಂದ ಮನೆಗೆ ಹತ್ತಿದ ಕನ್ನಡದಲ್ಲೇ, ಗೊಣಗಿದಳು, "ಅಯ್ಯೋ, ಒಲೆಯ ಮೇಲೆ ಹಾಲು ಉಂಟು." ಮರುಕ್ಷಣ ವಿಠಲಣ್ಣನ ಸ್ವರ ಚಾವಡಿ ತುಂಬ ಮೊಳಗಿತು. "ಅಯ್ಯೋ! ಒಲೆಯ ಮೇಲೆ ಹಾಲು ಉಂಟು!" ಸ್ನಾನದ ಮನೆಯಲ್ಲಿದ್ದ ಸುಕೇಶ ಒದ್ದೆ ತಲೆಯಲ್ಲೇ ಓಡಿ ಬಂದು ಗ್ಯಾಸ್ ಆರಿಸಿದ!

ಮೋಹಿನಿ ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಹಿತ್ತಿಲ ತೆಂಗಿನಕಾಯಿ ತೆಗೆಸು ಎಂದು ಅವಳು ಮಗನಿಗೆ ಹೇಳಿ ಇಪ್ಪತ್ತು ದಿನ ಆಗಿತ್ತು. ಮರುದಿನ ಗಂಡ ಕ್ಷೌರಕ್ಕೆ ಹೋದಾಗ, ಅವರು ಮರೆತು ಬಿಟ್ಟ ಫೋನಿನ ಮೈಕ್ ಒತ್ತಿ, ಒಳಗಿದ್ದ ಮಗನಿಗೆ ಕೇಳುವಂತೆ ಅದನ್ನೇ ಹೇಳಿದಳು. ಸಂಜೆಯೊಳಗೆ ಕಾಯಿ ಅಂಗಳದಲ್ಲಿತ್ತು. ಅವಳ ಮಾತೇ... ಒಂದು ಅಕ್ಷರ ಹೆಚ್ಚಲ್ಲ, ಕಡಿಮೆಯಲ್ಲ. ಸ್ವರ ಬದಲಾದದ್ದಷ್ಟೇ! ಸಂತೋಷವಾಯಿತೇ? ಎದೆಯೊಳಗೆ ಎಂಥದೋ ಕುಟ್ಟತೊಡಗಿತು. ಅಂದಿನಿಂದ ಅವಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವಳು, ಫೋನಿನ ಹತ್ತಿರ ಹೋಗುವಳು, ಹಿಂದೆ ಬರುವಳು. ಏಳನೇ ತಿಂಗಳು ಓಡುತ್ತಿತ್ತು. ತವರಿನ ಅನ್ನ ಉಣ್ಣದೆ ಮಗಳು ಹೆರಿಗೆಗೆ ಹೋಗುವುದೇ?

ಅಪ್ಪನ ಮಾತಾಡುವ ಫೋನಿನ ಸುದ್ದಿ ದೀಕ್ಷಿತಾಗೂ ಅಮ್ಮನಿಂದ ಗೊತ್ತಿತ್ತು. ಬುಧವಾರ ಮಧ್ಯಾಹ್ನ ಅವಳು ಎಂದಿನಂತೆ ಕದ್ದು ಅಮ್ಮನ ಸಣ್ಣ ಫೋನಿಗೆ ಕರೆ ಮಾಡಿದಾಗ ಮೋಹಿನಿ ನಿದ್ದೆಯಲ್ಲಿದ್ದ ಗಂಡನ ಫೋನನ್ನು ಅದರ ಪಕ್ಕಕ್ಕೆ ಹಿಡಿದಳು. ಕಣ್ಣು ಮುಚ್ಚಿ ಮೆಲ್ಲಗೆ ಉಸುರಿದಳು. ವಿಠಲಣ್ಣನ ಸ್ವರ ಕಾಪುವಿಗೆ ತಲುಪಿತು. "ದೀಕ್ಷಿತಾ, ಭಾನುವಾರ ಮನೆಗೆ ಬಾ ಮಗಾ. ಊಟ ಆಯಿತಾ ನಿನ್ನದು?"

ಆ ಕಡೆಯಿಂದ ಸಣ್ಣ ಸ್ವರ ಬಂತು. "ಬರುತ್ತೇನೆ... ಅಪ್ಪ."

ಇನ್ನು ಈ ಭಾನುವಾರಕ್ಕೆ ಬರೋಣ. ಹನ್ನೊಂದು ಗಂಟೆಗೆ ಮೋಹಿನಿಯ ಫೋನು ಸದ್ದಾಯಿತು. "ಬೆಳ್ಮಣ್ ದಾಟಿದೆವಮ್ಮ." ಇನ್ನು ಅರ್ಧ ಗಂಟೆ! ಈಗಲಾದರೂ ಅವರಿಗೆ ಹೇಳಬೇಕು. ಸೆರಗಿನಲ್ಲಿ ಕೈ ಒರೆಸಿಕೊಂಡು ಚಾವಡಿಗೆ ಬಂದಳು, ನೀರು ಬೇಕಾ ಎಂದು ಕೇಳಿ ಹಿಂದೆ ಹೋದಳು. ಮತ್ತೆ ಬಂದಳು, ಕ್ಯಾಲೆಂಡರ್ ಸರಿ ಮಾಡಿ ಹೋದಳು. ಮೂರನೆಯ ಸಲ ಬಂದಾಗ ವಿಠಲಣ್ಣ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದರು. ಅದು ಹೇಳಿದ ಮಾತೆಲ್ಲ ಅದರಲ್ಲೇ ಸಾಲಾಗಿ ಉಳಿಯುತ್ತದೆಂದು ಓದುಬಾರದ ಮೋಹಿನಿಗೆ ಹೇಗೆ ಗೊತ್ತಾಗಬೇಕು? ಒಲೆಯ ಮೇಲೆ ಹಾಲು ಉಂಟು. ತೆಂಗಿನಕಾಯಿ ತೆಗೆಸು. ದೀಕ್ಷಿತಾ, ಭಾನುವಾರ ಮನೆಗೆ ಬಾ ಮಗಾ...

ಅವರ ಮುಖ ಕಪ್ಪಿಟ್ಟಿತು. ಬೆರಳು ಫೋನನ್ನು ಕುಟ್ಟಿತು.

"ನನ್ನ ಸ್ವರ ಕದ್ದವರು ಯಾರು!" ಎಂದಿತು ಫೋನು. ಆದರೆ ಏನು ಹೇಳಲಿ! ರಕ್ತದಾನಕ್ಕೆ ಬನ್ನಿ ಬಂಧುಗಳೇ ಎಂಬ ಅದೇ ಸಿಹಿ ರಾಗ. ಸಿಟ್ಟು ಕಣ್ಣಲ್ಲಿ ಉರಿಯುತ್ತಿತ್ತು, ಸ್ವರದಲ್ಲಿ ಹಬ್ಬವಿತ್ತು! ಕುತ್ತಿಗೆಯ ಬಟ್ಟೆ ಪಟಪಟ ಬಡಿಯುತ್ತಿತ್ತು. ಸುಕೇಶನೂ ಭವ್ಯಶ್ರೀಯೂ ಓಡಿ ಬಂದರು.

"ನಾನೇ!" ಎಂದಳು ಮೋಹಿನಿ. ಇಷ್ಟು ದಿನದ ಕುಟ್ಟಾಟ ಒಮ್ಮೆಲೇ ನಿಂತಿತು. "ಕಳ್ಳಿ ನಾನೇ. ನಲವತ್ತು ವರ್ಷ ಈ ಮನೆಯಲ್ಲಿ ನನ್ನ ಒಂದು ಮಾತು ಯಾರ ಕಿವಿಗಾದರೂ ಬಿದ್ದದ್ದುಂಟಾ? ಮಗಳನ್ನು ಕರೆಯಿರಿ ಎಂದು ನಿಮ್ಮ ಕಾಲು ಹಿಡಿದೆ. ಕೇಳಿದಿರಾ? ಅದೇ ಮಾತು ನಿಮ್ಮ ಸ್ವರದಲ್ಲಿ ಹೇಳಿದೆ... ತೆಂಗಿನಕಾಯಿಯೂ ಕೆಳಗೆ ಬಂತು, ಮಗಳೂ ಹೊರಟು ಬಂದಳು! ತಪ್ಪು ಹೌದು. ನಿಮಗೆ ಉಳಿದದ್ದು ಅದೊಂದೇ, ಅದಕ್ಕೂ ಕೈ ಹಾಕಿದೆ. ನನ್ನನ್ನು ಬೈಯಿರಿ, ಹೊಡೆಯಿರಿ... ಅವಳನ್ನು ಮಾತ್ರ ಮೆಟ್ಟಿಲಿಂದ ಹಿಂದೆ ಕಳುಹಿಸಬೇಡಿ. ದಮ್ಮಯ್ಯ!"

ಅಷ್ಟರಲ್ಲಿ ಗೇಟಿನಲ್ಲಿ ಕಾರು ನಿಂತಿತು. ಡ್ಯಾರಿಲ್ ಕೈ ಹಿಡಿದು ಇಳಿಸಿದ, ತಾನು ಅಲ್ಲೇ ನಿಂತ. ದೀಕ್ಷಿತಾ ಭಾರವಾದ ಹೆಜ್ಜೆ ಇಡುತ್ತಾ ಅಂಗಳ ದಾಟಿ ಬಂದು ಮೊದಲ ಮೆಟ್ಟಿಲ ಕೆಳಗೆ ನಿಂತಳು. ಹತ್ತಲಿಲ್ಲ. ಎಲ್ಲರ ಮುಖ ನೋಡಿದಳು, ಅಪ್ಪನ ಕೈಯ ಫೋನು ನೋಡಿದಳು.

"ಗೊತ್ತಾಯಿತಾ ಅಪ್ಪನಿಗೆ?" ಎಂದು ಅಮ್ಮನನ್ನು ಕೇಳಿದಳು. "ನನಗೆ ಬುಧವಾರವೇ ಗೊತ್ತಾಗಿತ್ತಮ್ಮ. ಊಟ ಆಯಿತಾ ಎಂದು ಅಪ್ಪ ನನ್ನನ್ನು ಹುಟ್ಟಿದ ಮೇಲೆ ಒಂದು ದಿನ ಕೇಳಿದವರಲ್ಲ. ಅದು ನಿನ್ನ ಮಾತು."

"ಗೊತ್ತಿದ್ದೂ ಬಂದೆಯಾ ಮಗಾ?"

"ಸ್ವರ ಅಪ್ಪನದ್ದೇ ಅಲ್ವಾ... ಎರಡು ವರ್ಷ ಆಗಿತ್ತಮ್ಮ ಕೇಳಿ. ಸುಳ್ಳು ಎಂದು ಗೊತ್ತಿದ್ದೂ ಕಾಲು ನಿಲ್ಲಲಿಲ್ಲ." ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಪ್ಪನ ಕಡೆ ತಿರುಗಿದಳು. "ಬೇಡ ಎಂದರೆ ಹೋಗುತ್ತೇನೆ ಅಪ್ಪ, ಬೇಸರ ಇಲ್ಲ. ಆದರೆ ಬೇಡ ಎನ್ನುವುದನ್ನಾದರೂ ಆ ಫೋನಿನಿಂದ ಹೇಳಬೇಡಿ. ನೀವೇ ಹೇಳಿ."

ವಿಠಲಣ್ಣನ ಬೆರಳು ಫೋನಿನ ಮೇಲೇ ಇತ್ತು. ಅಲ್ಲಿ 'ಬಾ' ಎಂದು ಒತ್ತಬಹುದು, 'ಹೋಗು' ಎಂದು ಒತ್ತಬಹುದು. ಎರಡೂ ಅದೇ ಸಿಹಿ ರಾಗದಲ್ಲಿ ಬರುತ್ತವೆ! ಊರಿಗೆಲ್ಲ ಬನ್ನಿ ಬನ್ನಿ ಎಂದು ಸಾರಿದ ಮನುಷ್ಯ ಫೋನನ್ನು ಜಗಲಿಯ ದಂಡೆಯ ಮೇಲೆ ಕವುಚಿ ಹಾಕಿದರು. ಎದ್ದು ನಿಂತರು. ಕುತ್ತಿಗೆಯ ಬಟ್ಟೆಯೊಳಗಿಂದ ಉಸಿರು ಬುಸ್ಸೆಂದು ಹೊರಬಂತು. ಒಣಗಿದ ಎರಡು ತುಟಿಗಳು ಒಂದಕ್ಕೊಂದು ಅಂಟಿ, ನಡುಗಿ, ಬಿಡಿಸಿಕೊಂಡವು. ಸದ್ದಿಲ್ಲ. ಇನ್ನೊಮ್ಮೆ ಸೇರಿದವು, ಇನ್ನೊಮ್ಮೆ ತೆರೆದವು...

"ಬಲ."

ಅಕ್ಷರ ಓದಲು ಬಾರದ ಮೋಹಿನಿ ಆ ತುಟಿಗಳನ್ನು ಎಲ್ಲರಿಗಿಂತ ಮೊದಲು ಓದಿದಳು. ಮನೆಯ ತುಳುವಿನಲ್ಲಿ, ಮೈಕಿನ ಕನ್ನಡದಲ್ಲಲ್ಲ, ಬಾ ಎಂದು. "ಬಲ ಮಗಾ" ಎಂದು ತುಟಿ ಮತ್ತೆ ಆಡಿತು. ಬಾಯಿಂದಲೇ ಬಂತು! ದೀಕ್ಷಿತಾ ಮೆಟ್ಟಿಲು ಹತ್ತಿ ಅಪ್ಪನ ಎದೆಗೆ ಹಣೆ ಇಟ್ಟಳು. ವಿಠಲಣ್ಣ ಅವಳ ತಲೆಯ ಮೇಲೆ ಕೈ ಇಟ್ಟರು, ಆ ಕೈ ಮುಂದೇನು ಮಾಡಬೇಕೆಂದು ತಿಳಿಯದೆ ಅಲ್ಲೇ ಉಳಿಯಿತು.

ಎಲೆ ಹಾಕುವ ಮೊದಲು ಅವರು ಸೊಸೆಗೆ ಫೋನು ಕೊಟ್ಟು ತಮ್ಮ ಹೆಬ್ಬೆರಳು ತೋರಿಸಿದರು, ಆಮೇಲೆ ಎದೆ ಮುಟ್ಟಿಕೊಂಡರು. "ನಿಮ್ಮ ಬೆರಳಿಗೆ ಮಾತ್ರ ತೆರೆಯುವ ಹಾಗೆ ಮಾಡುತ್ತೇನೆ ಮಾವ. ಮೊದಲೇ ಮಾಡಬೇಕಿತ್ತು," ಎಂದಳು ಭವ್ಯಶ್ರೀ. ಮೋಹಿನಿ ತಲೆ ತಗ್ಗಿಸಿದಳು. ಅವರು ಅವಳ ಕಡೆ ನೋಡಲಿಲ್ಲ. ಆ ನೋವು ಒಂದು ಊಟದಲ್ಲಿ ಹೋಗುವಂಥದ್ದಲ್ಲ, ಅವಳಿಗೂ ಗೊತ್ತಿತ್ತು.

ಮೂಡೆ ಬಡಿಸುವಾಗ ಅವಳ ಕಣ್ಣು ಗೇಟಿನ ಕಡೆ ಹೋಯಿತು. ಡ್ಯಾರಿಲ್ ಇನ್ನೂ ಕಾರಿಗೆ ಒರಗಿ ಬಿಸಿಲಲ್ಲೇ ನಿಂತಿದ್ದ. ಅಭ್ಯಾಸದಂತೆ ಗಂಡನ ಮುಖ ನೋಡಿದಳು. ಅವರು ಎಲೆಯನ್ನೇ ನೋಡುತ್ತಿದ್ದರು. ಫೋನಿಗೆ ಇನ್ನು ಬೀಗ. ಮೋಹಿನಿ ಸೌಟು ಕೆಳಗಿಟ್ಟು ಬಾಗಿಲಿಗೆ ಬಂದಳು. ಗಂಟಲು ಸರಿ ಮಾಡಿಕೊಂಡಳು.

"ಎಂತ ಡ್ಯಾರಿಲ್, ಅಲ್ಲೇ ನಿಂತದ್ದು? ಬಾ ಒಳಗೆ. ಊಟ ತಣಿಯುತ್ತದೆ!"

ಬಿರುಕು ಬಿಟ್ಟ, ಎಲ್ಲೋ ಒಂದು ಕಡೆ ಕೀರಲಾದ ಸ್ವರ. ಪಕ್ಕದ ಮನೆಯವರೂ ತಿರುಗಿ ನೋಡಿದರು. ಮೋಹಿನಿಗೇ ತನ್ನ ಸ್ವರದ ಗುರುತಾಗಲಿಲ್ಲ. ಅವಳು ಹೆದರುತ್ತಾ ಹಿಂದೆ ತಿರುಗಿದಳು... ವಿಠಲಣ್ಣ ತಲೆ ಎತ್ತಿರಲಿಲ್ಲ. ಆದರೆ ತಮ್ಮ ಎಲೆಯನ್ನು ಸ್ವಲ್ಪ ಆಚೆ ಸರಿಸಿ, ಪಕ್ಕದಲ್ಲಿ ಇನ್ನೊಂದು ಎಲೆಗೆ ಜಾಗ ಮಾಡಿದ್ದರು.