ಮೂರೂವರೆ ಇಂಚಿನ ಬಾಗಿಲು

ಕಪ್ಪು ಕೋಟಿನವನು ಹನ್ನೆರಡನೇ ಮಹಡಿಯಿಂದ ನನ್ನನ್ನು ತಳ್ಳಿದ.

ಬೀಳುತ್ತಲೇ ಗಡಿಯಾರ ನೋಡಿದೆ. ನಾಲ್ಕಕ್ಕೆ ಇನ್ನು ಆರೇ ನಿಮಿಷ...

ಗಾಬರಿಯಾಗಬೇಡಿ. ಅದು ಕಂಪ್ಯೂಟರಿನೊಳಗಿನ ಊರು. ಬಿದ್ದದ್ದು ನನ್ನ ಅವತಾರ, ಅಂದರೆ ಪರದೆಯ ಮೇಲಿನ ನನ್ನ ಗೊಂಬೆ. ನಾನು ಮನೆಯಲ್ಲಿ, ಅತ್ತೆಯ ಪಕ್ಕದ ಕುರ್ಚಿಯಲ್ಲಿ, ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ.

ಜನರ ಬಿಕ್ಕಟ್ಟು ಬಿಡಿಸುವುದು ನನ್ನ ಕಸುಬು. ಈ ಸಲ ಗಿರಾಕಿ ನನ್ನ ಅತ್ತೆಯೇ. ನಲವತ್ತು ವರ್ಷ ಟೈಲರ್. ಈಗ ಕೈ ನಡುಗುತ್ತದೆ, ಕತ್ತರಿ ಮಾತು ಕೇಳುವುದಿಲ್ಲ. ಆ ಊರಿನಲ್ಲಿ ಮಾತ್ರ ಮೌಸ್ ನಡುಗಿದರೂ ಗೆರೆ ನೇರ! ಅಲ್ಲೊಂದು ಡಿಸೈನ್ ಸ್ಕೂಲ್ ತೆರೆಯಬೇಕು, ಗೊತ್ತಿರುವುದನ್ನೆಲ್ಲ ಕಲಿಸಿಬಿಡಬೇಕು. ಅಷ್ಟೇ ಆಸೆ. ಅದಕ್ಕಾಗಿ ನಾನು ನೂರು ಮಹಡಿಯಿಂದ ಬೀಳಲೂ ಸಿದ್ಧ.

ಆ ಊರಿನ ನಿಯಮ ಬಿಗಿ. ನಾಲ್ಕಕ್ಕೆ ಊರಿನ ವಾರ್ಡನ್ ತಪಾಸಣೆಗೆ ಬರುತ್ತಾರೆ. ಆಗ ಆರು ವಿದ್ಯಾರ್ಥಿಗಳು ಕೂತಿರಬೇಕು. ಮನೆಯವರು ಲೆಕ್ಕಕ್ಕಿಲ್ಲ. ಒಬ್ಬರು ಕಮ್ಮಿಯಾದರೂ ಜಾಗ ಬುಲ್ಡೋಜರ್ ಪಾಲು. ಅದು ಯಂತ್ರವಲ್ಲ, ಆ ಊರಿನ ಒಬ್ಬನ ಅಡ್ಡಹೆಸರು. ಅವನಿಗೆ ಅಲ್ಲಿ ಕಾರ್ ರೇಸ್ ಟ್ರ್ಯಾಕ್ ಬೇಕು. ಕಪ್ಪು ಕೋಟಿನವನು ಅವನ ಬಂಟ, ನಮ್ಮ ಸ್ಕೂಲ್ ತಡೆಯಲು ಬಂದವನು.

ಧೊಪ್ಪೆಂದು ಸ್ಕೂಲಿನ ಮುಂದೆಯೇ ಬಿದ್ದೆ. ಆರೂ ಜನ ಹೊರಗೇ ನಿಂತಿದ್ದರು.

“ಒಳಗೆ ನಡೀರಿ!”

“ಹೇಗ್ರೀ ಹೋಗೋದು? ಬಾಗಿಲು ನೋಡಿ.”

ನೋಡಿದೆ. ಬಾಗಿಲು ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ.

ಹೆಡ್‌ಫೋನ್ ಕಿತ್ತೆ. “ಅತ್ತೆ, ಬಾಗಿಲು ಎಷ್ಟು ಎತ್ತರ ಇಟ್ರಿ?”

“ಮೂರೂವರೆ ಇಂಚು. ಸ್ಕ್ರೀನ್ ಮೇಲೆ ಟೇಪ್ ಹಿಡಿದೆ. ಜನ ಮೂರಿಂಚು ಇದ್ರು. ಅರ್ಧ ಇಂಚು ಸಡಿಲ ಬಿಟ್ಟೆ.”

ಆ ಊರು ಅದನ್ನು ನಿಜವಾದ ಮೂರೂವರೆ ಇಂಚೆಂದೇ ತಿಳಿದು ಕಟ್ಟಿತ್ತು.

ಅಷ್ಟರಲ್ಲಿ ಕಪ್ಪು ಕೋಟು ಹಾರಿ ಬಂದ. ನಾನು ಓಡಿದೆ. ಸ್ಕೂಲಿಗೆ ಮೂರು ಸುತ್ತು... ನಾನು ಮುಂದೆ, ಅವನು ಹಿಂದೆ! ಹೆದರಿ ಒಬ್ಬ ವಿದ್ಯಾರ್ಥಿನಿ ಲಾಗೌಟ್ ಆದಳು.

ಉಳಿದದ್ದು ಐದು ಜನ. ಎರಡು ನಿಮಿಷ.

“ಬಿಗಿಯಾದ್ರೆ ಹೊಲಿಗೆ ಬಿಚ್ಚಿದ್ರಾಯ್ತು,” ಎಂದರು ಅತ್ತೆ. ನಾಲ್ಕು ಕ್ಲಿಕ್. ನಾಲ್ಕೂ ಗೋಡೆಗಳು ಹೊರಕ್ಕೆ ಮಲಗಿದವು. ಐವರೂ ನೆಲದ ಮೇಲೆ ಕೂತರು.

ನನ್ನ ಕಾಲರ್ ಕಪ್ಪು ಕೋಟಿನವನ ಕೈಗೆ ಸಿಕ್ಕಿತು. ಅತ್ತೆ ಮೈಕ್ ಎಳೆದುಕೊಂಡರು.

“ಏನಪ್ಪಾ, ಈ ಕೋಟು ಹೊಲಿದಿದ್ದು ಯಾರು?”

“ನಾನೇ. ಯಾಕೆ?”

“ತೋಳು ಅದಲುಬದಲಾಗಿದೆ. ಕೈ ಎತ್ತು ನೋಡೋಣ.”

ಎತ್ತಿದ. ಕೋಟು ಕಿವಿ ಮುಚ್ಚಿತು. ನನ್ನ ಕಾಲರ್ ಅವನ ಕೈಯಿಂದ ಬಿಟ್ಟುಹೋಯಿತು.

“ಅದಕ್ಕೇನಾ ಎಲ್ರೂ ನಗೋದು?” ದನಿ ಸಣ್ಣದಾಗಿತ್ತು.

“ಕೂತ್ಕೋ. ಹೇಳ್ಕೊಡ್ತೀನಿ.”

“ಬಾಸ್ ಬೈತಾರೆ...”

“ಇದೇ ತೋಳು ಹಾಕ್ಕೊಂಡು ಬಾಸ್ ಮುಂದೆ ನಿಲ್ತೀಯಾ? ಕೂತ್ಕೋ.”

ಕೂತ.

ಗಂಟೆ ಹೊಡೆಯಿತು. ವಾರ್ಡನ್ ಎಣಿಸಿದರು. ಆರು! ಗೋಡೆಯಿಲ್ಲದ್ದು ಎಂಥ ಸ್ಕೂಲ್ ಎಂದು ಬುಲ್ಡೋಜರ್ ಕೂಗಾಡಿದ. ನಿಯಮದಲ್ಲಿ ಗೋಡೆಯ ಸುದ್ದಿಯೇ ಇಲ್ಲ ಎಂದು ವಾರ್ಡನ್ ಮುದ್ರೆ ಒತ್ತಿದರು.

ಅತ್ತೆ ನನ್ನ ಕೈ ಹಿಡಿದರು. ಮರುಕ್ಷಣವೇ ಕ್ಲಾಸ್ ಶುರು ಮಾಡಿದರು.

ಈಗ ಕಪ್ಪು ಕೋಟಿನವನೇ ಕ್ಲಾಸ್ ಲೀಡರ್. ಆ ಊರಿನಲ್ಲಿ ನನ್ನನ್ನು ತಳ್ಳುವವರು ಯಾರೂ ಇಲ್ಲ.

ಈ ಊರಿನಲ್ಲಿ ಒಬ್ಬರಿದ್ದಾರೆ. ಬೆಳಗ್ಗೆ ಐದಕ್ಕೆ, ಕಂಪ್ಯೂಟರ್ ಆನ್ ಮಾಡಿಕೊಡು ಎಂದು, ಹಾಸಿಗೆಯಿಂದ ತಳ್ಳುವ ನನ್ನ ಅತ್ತೆ.